ಮೇಷ್ಟ್ರು ಹಿಂದೆ, ಮಕ್ಕಳು ಮುಂದೆ: ಹದಿಹರೆಯದವರನ್ನು ಬೆಟ್ಟಕ್ಕೆ ಕರೆದೊಯ್ಯುವವರಿಗೊಂದು ಕೈಪಿಡಿ

ಮೊದಲ ವರ್ಷ ಹದಿನಾಲ್ಕು ಮಕ್ಕಳನ್ನು ಕೊಡಚಾದ್ರಿಗೆ ಕರೆದುಕೊಂಡು ಹೋದಾಗ ಎಲ್ಲರಿಗಿಂತ ಮುಂದೆ ನಾನೇ ಇದ್ದೆ. ಕೈಯಲ್ಲಿ ಕೋಲು, ಕೊರಳಲ್ಲಿ ಸೀಟಿ. "ಬನ್ನಿ ಬನ್ನಿ", "ಅಲ್ಲಿ ಕಾಲಿಡಬೇಡ", "ಈಗ ನೀರು ಕುಡೀರಿ" ಅಂತ ದಿನವಿಡೀ ಕೂಗಿದೆ. ಸಂಜೆ ಹೊತ್ತಿಗೆ ಗಂಟಲು ಕಟ್ಟಿತ್ತು. ಎಲ್ಲರೂ ಕ್ಷೇಮವಾಗಿ ಇಳಿದರು, ಫೋಟೊಗಳೂ ಚೆನ್ನಾಗಿ ಬಂದವು. ಮರುದಿನ ಕ್ಲಾಸಿನಲ್ಲಿ ಸುಮ್ನೆ ಕೇಳಿದೆ: "ನಾವು ಯಾವ ದಾರಿಯಲ್ಲಿ ಹತ್ತಿದ್ದು?" ಯಾರಿಗೂ ಗೊತ್ತಿರಲಿಲ್ಲ. "ನೀವು ಹೋದ ಕಡೆ ಬಂದ್ವಿ ಸಾರ್" ಅಂದ ಒಬ್ಬ.

ಆ ಉತ್ತರ ನನ್ನ ನಿದ್ದೆ ಕೆಡಿಸಿತು. ಮಕ್ಕಳಲ್ಲಿ ನಾಯಕತ್ವ ಬೆಳೆಸಬೇಕು ಅಂತ ಹೊರಟಿದ್ದೆ. ಇಡೀ ದಿನ ನಾಯಕನಾಗಿದ್ದವನು ನಾನೊಬ್ಬನೇ. ಅಲ್ಲಿಂದ ಈಚೆಗೆ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಶಾಲೆಯ ಮೇಷ್ಟ್ರು, ಸ್ಕೌಟು ಗೈಡಿನವರು, ಊರಿನ ಯುವಕ ಸಂಘದವರು, ಅಥವಾ ಅಕ್ಕಪಕ್ಕದ ಮನೆಯ ಹತ್ತು ಮಕ್ಕಳನ್ನು ಗುಡ್ಡ ಹತ್ತಿಸುವ ಆಸೆಯಿರುವ ಅಪ್ಪ ಅಮ್ಮಂದಿರು ಬಳಸಿಕೊಳ್ಳಬಹುದು. ನಾನು ಬರೆಯುತ್ತಿರುವುದು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಮಲೆನಾಡನ್ನು ನೋಡಿ. ಬಯಲುಸೀಮೆಯ ಬಂಡೆಗುಡ್ಡಗಳಿಗೆ ಅಲ್ಪಸ್ವಲ್ಪ ಬದಲಾಯಿಸಿಕೊಳ್ಳಿ.

ಇದೇನೂ ಹೊಸ ವಿಚಾರವಲ್ಲ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರ ಶಿಬಿರ ಮಾಡಿದ. ಶ್ರೀಮಂತರ ಶಾಲೆಯ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಕಲಸಿ ನಾಲ್ಕು ತಂಡ ಮಾಡಿದ. ಪ್ರತಿ ತಂಡಕ್ಕೂ ಅವರಲ್ಲೇ ಒಬ್ಬ ಹುಡುಗ ಮುಂದಾಳು. ಸ್ಕೌಟ್ ಚಳವಳಿ ಹುಟ್ಟಿದ್ದು ಹಾಗೆ. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಶಿಕ್ಷಕ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಸೇರಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದರು. ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಹರೆಯದ ನಾವಿಕರು ಬೇಗ ಸೋಲುತ್ತಾರೆ, ವಯಸ್ಸಾದ ಅನುಭವಿಗಳು ಉಳಿಯುತ್ತಾರೆ ಅನ್ನುವುದು ಹೋಲ್ಟನ ಚಿಂತೆಯಾಗಿತ್ತು. ತೋಳಿನ ಬಲಕ್ಕಿಂತ ಬೇರೇನೋ ಬೇಕು, ಅದನ್ನು ಕಡಲು ಬೆಟ್ಟಗಳಲ್ಲೇ ಕಲಿಸಬೇಕು ಅಂತ ಅವರು ಹೊರಟರು. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ. ಆದರೆ ಬೇರು ಅದೇ.

ಮೊದಲು, ಗುಡ್ಡ ಆರಿಸಿ

ಸಣ್ಣದರಿಂದ ಶುರು ಮಾಡಿ. ನಮ್ಮ ಕಡೆ ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ: ಮೊದಲು ತೀರ್ಥಹಳ್ಳಿ ಹತ್ತಿರದ ಕವಲೇದುರ್ಗ. ಹಳೆಯ ಕೋಟೆ, ಕಲ್ಲು ಹಾಸಿದ ದಾರಿ, ಅರ್ಧ ದಿನದ ಕೆಲಸ. ಆಮೇಲೆ ಆಗುಂಬೆ ಕಡೆಯ ಕುಂದಾದ್ರಿ. ಮೂರನೆಯದು 1,343 ಮೀಟರ್ ಎತ್ತರದ ಕೊಡಚಾದ್ರಿ. ಈ ಮೂರರಲ್ಲೂ ಪಳಗಿದ ಮೇಲೆ ಕುದುರೆಮುಖ ಅಥವಾ ಕುಮಾರ ಪರ್ವತ. ಬೆಂಗಳೂರಿನವರಿಗೆ ಮಾಕಳಿದುರ್ಗ, ಸಾವನದುರ್ಗ ಇವೆ. ಕೊಡಗಿನವರಿಗೆ ತಡಿಯಂಡಮೋಳ್ ಇದೆ.

ಮೊದಲ ಸಲವೇ ಕುಮಾರ ಪರ್ವತ ಅಂತ ಹಟ ಹಿಡಿಯುವವರಿದ್ದಾರೆ. ಬೇಡ. ಕುಕ್ಕೆ ಕಡೆಯಿಂದ ಸುಮಾರು 1,500 ಮೀಟರಿಗೂ ಹೆಚ್ಚು ಏರಬೇಕು. ಸುಸ್ತಾದ ಮಗು ಯೋಚನೆ ಮಾಡುವುದಿಲ್ಲ, ಮುಂದಿನವರ ಹಿಮ್ಮಡಿ ನೋಡುತ್ತಾ ನಡೆಯುತ್ತದೆ, ಅಷ್ಟೇ. ನಿರ್ಧಾರ ತೆಗೆದುಕೊಳ್ಳುವುದನ್ನು ಕಲಿಸಬೇಕಾದರೆ ಕಾಲಿನಲ್ಲೂ ತಲೆಯಲ್ಲೂ ಸ್ವಲ್ಪ ಶಕ್ತಿ ಉಳಿದಿರಬೇಕು.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟದ್ದು: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿ.ಮೀ. ದಾರಿ, 600 ಮೀಟರ್ ಏರು ಇದ್ದರೆ ಎರಡೂವರೆ ಗಂಟೆ ದಾಟುತ್ತದೆ. ಅದು ಪಳಗಿದ ದೊಡ್ಡವರ ಲೆಕ್ಕ. ಮಕ್ಕಳ ಗುಂಪಿಗೆ ನಾನು ಒಂದೂವರೆ ಪಟ್ಟು ಮಾಡುತ್ತೇನೆ, ಅಂದರೆ ನಾಲ್ಕು ಗಂಟೆ. ಊಟ, ಫೋಟೊ, ಕಿತ್ತುಹೋದ ಚಪ್ಪಲಿ ಬೇರೆ. ಈ ಲೆಕ್ಕವನ್ನೂ ಮಕ್ಕಳ ಕೈಯಲ್ಲೇ ಮಾಡಿಸಿ. ಗಣಿತದ ಪಿರಿಯಡ್ಡಿನಲ್ಲಿ ಆಕಳಿಸುವವರು ಇಲ್ಲಿ ಜಗಳಕ್ಕೆ ಬೀಳುತ್ತಾರೆ.

ಕಾಲ ಯಾವುದು? ಮಲೆನಾಡಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ತುಂಬ ಚಂದ. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಕ್ಕಳ ಜೊತೆ ಬೇಡವೇ ಬೇಡ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ಎದೆಮಟ್ಟ ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಗುಡುಗು ಸಿಡಿಲು. ಇನ್ನು ಶಿವಮೊಗ್ಗ ಸುತ್ತಿನ ನಮಗೆ ಮಂಗನ ಕಾಯಿಲೆಯ ಲೆಕ್ಕವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ ಅದು. ಉಣುಗು ಕಚ್ಚಿ ಬರುತ್ತದೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಅದರ ಕಾಟ. ಹೊರಡುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಎಲ್ಲಾದರೂ ಮಂಗ ಸತ್ತ ಸುದ್ದಿ ಇದ್ದರೆ ಆ ಕಾಡಿಗೆ ಹೋಗಬೇಡಿ. ಹೋಗಿ ಬಂದ ಎರಡು ವಾರದೊಳಗೆ ಯಾವ ಮಗುವಿಗೆ ಜ್ವರ ಬಂದರೂ ಡಾಕ್ಟರಿಗೆ "ಕಾಡಿಗೆ ಹೋಗಿದ್ವಿ" ಅಂತ ಮೊದಲ ಮಾತಾಗಿ ಹೇಳಬೇಕು.

ಕಾಗದಪತ್ರ

ಬೇಜಾರಿನ ಕೆಲಸ, ಆದರೆ ತಪ್ಪಿಸುವಂತಿಲ್ಲ. ಅರಣ್ಯ ಇಲಾಖೆಯ ಚಾರಣ ದಾರಿಗಳಿಗೆ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುತ್ತದೆ, ಶನಿವಾರ ಭಾನುವಾರ ಬೇಗ ತುಂಬುತ್ತದೆ. ರಕ್ಷಿತ ಅರಣ್ಯದಲ್ಲಿ ಗುಡಾರ ಹಾಕಿ ಮಲಗುವುದಕ್ಕೆ ಬಿಡುವುದಿಲ್ಲ. ಹಾಗಾಗಿ ರಾತ್ರಿ ಬುಡದ ಊರಿನ ಶಾಲೆಯಲ್ಲೋ ಹೋಂಸ್ಟೇಯಲ್ಲೋ ಪರಿಚಯದವರ ತೋಟದಲ್ಲೋ ಉಳಿಯಿರಿ. ತೋಟದ ಅಂಗಳದಲ್ಲಿ ಹಾಕಿದ ಗುಡಾರವೂ ಮಕ್ಕಳಿಗೆ ಗುಡಾರವೇ.

ಪ್ರತಿ ಮನೆಯಿಂದ ಒಪ್ಪಿಗೆ ಪತ್ರ ತನ್ನಿ. ಅದರಲ್ಲಿ ಉಬ್ಬಸ, ಮೂರ್ಛೆ, ಅಲರ್ಜಿ, ದಿನಾ ನುಂಗುವ ಮಾತ್ರೆ ಎಲ್ಲವನ್ನೂ ಬರೆಸಿ. ಒಂದು ಸಲ ಒಬ್ಬ ತಾಯಿ ಮಗನ ಉಬ್ಬಸದ ವಿಷಯ ಬರೆದಿರಲಿಲ್ಲ. ಕಳಿಸುವುದಿಲ್ಲ ಅಂದುಬಿಟ್ಟರೆ ಅನ್ನುವ ಹೆದರಿಕೆ ಅವರಿಗೆ. ಈಗ ನಾನು ಪತ್ರದ ಮೇಲೆಯೇ "ಕಾಯಿಲೆ ಇದೆ ಅಂತ ಯಾರನ್ನೂ ಬಿಟ್ಟು ಹೋಗುವುದಿಲ್ಲ, ಗೊತ್ತಿದ್ದರೆ ತಯಾರಾಗಿ ಬರುತ್ತೇವೆ" ಅಂತ ಬರೆದಿರುತ್ತೇನೆ.

ಹನ್ನೆರಡು ಮಕ್ಕಳಿಗೆ ಕನಿಷ್ಠ ಇಬ್ಬರು ದೊಡ್ಡವರು, ಜೊತೆಗೆ ಊರಿನ ದಾರಿ ಬಲ್ಲವರೊಬ್ಬರು. ಹುಡುಗಿಯರಿದ್ದರೆ ಒಬ್ಬರು ಹೆಂಗಸು ಇರಲೇಬೇಕು. ಯಾವ ಕಾರಣಕ್ಕೂ ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಕಣ್ಮರೆಯಾಗಿ ಇರಬಾರದು. ಮಗು ಸುಸ್ತಾಗಿ ಹಿಂದಿರುಗುವುದಾದರೂ ಜೊತೆಗೆ ಇನ್ನೊಬ್ಬ ಮಗು ಬರಬೇಕು. ಇದು ಮಕ್ಕಳ ರಕ್ಷಣೆಗೂ ಹೌದು, ನಿಮ್ಮ ರಕ್ಷಣೆಗೂ ಹೌದು. ಈ ನಿಯಮವನ್ನು ಮಕ್ಕಳಿಗೂ ಮನೆಯವರಿಗೂ ಬಾಯಿಬಿಟ್ಟು ಹೇಳಿ.

ಹೊರಡುವ ಮುಂಚಿನ ಮೂರು ವಾರ

ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಿಕೆ ಆಗುವುದು ಈ ಮೂರು ವಾರದಲ್ಲಿ. ಹೆಚ್ಚಿನವರು ಇದನ್ನು ಬಿಟ್ಟು ಸೀದಾ ಬಸ್ಸು ಹತ್ತುತ್ತಾರೆ.

ಮೊದಲ ವಾರ ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಎತ್ತರ ತೋರಿಸುವ ಗೆರೆಗಳು 20 ಮೀಟರಿಗೊಂದು. ಈ ಗೆರೆ ಮಕ್ಕಳ ತಲೆಗೆ ಹೋಗಬೇಕೆಂದರೆ ಒಂದು ದೊಡ್ಡ ಆಲೂಗೆಡ್ಡೆ ತನ್ನಿ. ಉದ್ದಕ್ಕೆ ಎರಡು ಹೋಳು ಮಾಡಿ, ಒಂದನ್ನು ಗುಡ್ಡದ ಹಾಗೆ ಕವುಚಿಡಿ. ಚಾಕುವನ್ನು ನೆಲಕ್ಕೆ ಸಮನಾಗಿ ಮಲಗಿಸಿ ಹಿಡಿದು, ಅದನ್ನು ಮೇಲಿನಿಂದ ಕೆಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ. ಪ್ರತಿ ಬಿಲ್ಲೆಯನ್ನೂ ಹಾಳೆಯ ಮೇಲಿಟ್ಟು, ಒಂದರೊಳಗೊಂದು ಬರುವಂತೆ, ಸುತ್ತ ಪೆನ್ಸಿಲ್ ಎಳೆಯಿರಿ. ಗೆರೆ ಹತ್ತಿರ ಹತ್ತಿರ ಇದ್ದಲ್ಲಿ ಕಡಿದು, ದೂರ ಇದ್ದಲ್ಲಿ ಇಳಿಜಾರು ಕಮ್ಮಿ. ಹದಿನೈದು ನಿಮಿಷದ ಪಾಠ. ಆಲೂಗೆಡ್ಡೆ ಪಲ್ಯಕ್ಕಾಯಿತು.

ಎರಡನೇ ವಾರ ಪಟ್ಟಿ. ಏನೇನು ಬೇಕು ಅಂತ ಮಕ್ಕಳೇ ಬರೆಯಲಿ. ನಿಮ್ಮ ಪಟ್ಟಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಅವರು ಬಿಟ್ಟದ್ದರಲ್ಲಿ ಪ್ರಾಣಕ್ಕೆ ಬೇಕಾದದ್ದಿದ್ದರೆ ಮಾತ್ರ ಸೇರಿಸಿ. ಒಬ್ಬರಿಗೆ ಎರಡು ಲೀಟರ್ ನೀರು, ಟಾರ್ಚು, ಸೀಟಿ, ಮಳೆ ಅಂಗಿ, ಉದ್ದ ತೋಳಿನ ಬಟ್ಟೆ, ಒಂದು ಜೊತೆ ಹೆಚ್ಚಿನ ಕಾಲುಚೀಲ, ಬಿಸ್ಕತ್ತಿಗಿಂತ ಕಡಲೆಚಿಕ್ಕಿ. ಚೀಲದ ತೂಕ 40 ಕೆ.ಜಿ. ಮಗುವಿಗೆ 6 ಕೆ.ಜಿ. ಮೀರದಿರಲಿ. ಸಕ್ಕರೆ ಮರೆತರೆ? ಮರೆಯಲಿ. ಒಂದು ವರ್ಷ ಉಪ್ಪು ಮರೆತು ಹೋಗಿ, ರಾತ್ರಿಯ ಅನ್ನ ಸಾರನ್ನು ಉಪ್ಪಿನಕಾಯಿ ನೆಂಚಿಕೊಂಡು ಉಂಡೆವು. ಆ ತಂಡದಲ್ಲಿದ್ದವರು ಮುಂದೆ ಯಾವತ್ತೂ ಪಟ್ಟಿಗೆ ಟಿಕ್ ಹಾಕದೆ ಹೊರಟಿಲ್ಲ.

ಹುಡುಗಿಯರ ಜೊತೆ ಮುಟ್ಟಿನ ವಿಷಯ ಮುಂಚೆಯೇ ಮಾತಾಡಿ. ಪ್ಯಾಡ್ ಎಲ್ಲಿದೆ, ಬಳಸಿದ್ದನ್ನು ಯಾವ ಕವರಿನಲ್ಲಿ ವಾಪಸ್ ತರಬೇಕು, ಯಾರಿಗೆ ಹೇಳಬೇಕು, ಎಲ್ಲ ಗೊತ್ತಿರಬೇಕು. ಇದೊಂದೇ ಕಾರಣಕ್ಕೆ "ಹೊಟ್ಟೆನೋವು, ನಾನು ಬರಲ್ಲ" ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಕಾಡಿನ ಶೌಚಕ್ಕೂ ಹೇಳಿಕೊಡಬೇಕು: ನೀರಿನಿಂದ 70 ಹೆಜ್ಜೆ ದೂರ, ಗೇಣುದ್ದ ಆಳದ ಗುಂಡಿ, ಮೇಲೆ ಮಣ್ಣು. ನಗುತ್ತಾರೆ. ನಗಲಿ, ಅಷ್ಟರಲ್ಲಿ ಕಲಿತಿರುತ್ತಾರೆ.

ಮೂರನೇ ವಾರ ಶಾಲೆಯ ಹಿಂದಿನ ಗುಡ್ಡಕ್ಕೋ ಕೆರೆ ಏರಿಗೋ ಪೂರ್ತಿ ಚೀಲ ಹೊತ್ತು ಎರಡು ಗಂಟೆ ನಡಿಗೆ. ಹೊಸ ಬೂಟು ಯಾರ ಕಾಲು ಕಚ್ಚುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕೆಲಸ ಹಂಚುವುದು, ಚೀಟಿ ಎತ್ತಿ

ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಗೊತ್ತಲ್ಲ. ಜೋರು ಬಾಯಿಯ ಹುಡುಗ ಲೀಡರ್ ಆಗುತ್ತಾನೆ, ಹುಡುಗಿಯರು ತರಕಾರಿ ಹೆಚ್ಚುತ್ತಾರೆ, ಒಂದೇ ಕೇರಿಯವರು ಒಟ್ಟಿಗೆ ಕೂತು ಉಣ್ಣುತ್ತಾರೆ. ಊರಲ್ಲಿ ಇರುವುದೆಲ್ಲ ಬೆಟ್ಟಕ್ಕೂ ಬರುತ್ತದೆ. ಅದನ್ನು ಭಾಷಣದಿಂದ ಒಡೆಯಲಾಗುವುದಿಲ್ಲ, ಚೀಟಿಯಿಂದ ಆಗುತ್ತದೆ. ಎಲ್ಲ ಹೆಸರೂ ಒಂದು ಡಬ್ಬಿಯಲ್ಲಿ. ಬಂದ ಹೆಸರಿಗೆ ಬಂದ ಕೆಲಸ. ಅಡುಗೆ ಯಾರದು, ಪಾತ್ರೆ ಯಾರದು, ಯಾರ ಪಕ್ಕ ಯಾರು ಮಲಗಬೇಕು (ಹುಡುಗರ ಕೋಣೆ, ಹುಡುಗಿಯರ ಕೋಣೆ ಬೇರೆ ಬೇರೆ) ಎಲ್ಲವೂ ಚೀಟಿ.

ನಾನು ಇಟ್ಟುಕೊಂಡಿರುವ ಕೆಲಸಗಳು ಇವು. ದಿನದ ನಾಯಕ ಅಥವಾ ನಾಯಕಿ. ಅರ್ಧ ದಿನಕ್ಕೊಮ್ಮೆ ಬದಲಾಗಬೇಕು. ದಾರಿ ನೋಡುವವರು ಇಬ್ಬರು, ನಕ್ಷೆ ಮತ್ತು ದಿಕ್ಸೂಚಿ ಅವರ ಕೈಯಲ್ಲಿ. ಗಡಿಯಾರದವರು ಒಬ್ಬರು, ಪ್ರತಿ 50 ನಿಮಿಷಕ್ಕೆ ಎಲ್ಲರನ್ನೂ ಕೂರಿಸಿ ನೀರು ಕುಡಿಸುವುದು ಅವರ ಕೆಲಸ. ಔಷಧಿ ಡಬ್ಬಿ ಒಬ್ಬರು. ಕಡೆಯದು ಗಾರ್ಡ್. ರೈಲಿನ ಕೊನೇ ಡಬ್ಬಿಯಲ್ಲಿ ಇರುತ್ತಾರಲ್ಲ, ಹಾಗೆ. ಗಾರ್ಡಿನ ಹಿಂದೆ ಯಾವ ಮಗುವೂ ಇರಬಾರದು, ಗಾರ್ಡ್ ಸೀಟಿ ಊದಿದರೆ ಮುಂದಿನವರು ನಿಲ್ಲಲೇಬೇಕು. ಸೀಟಿಗೆ ನಿಮ್ಮದೇ ಭಾಷೆ ಮಾಡಿಕೊಳ್ಳಿ. ನಮ್ಮದು: ಒಂದು ಊದಿದರೆ ನಿಲ್ಲಿ, ಎರಡು ಊದಿದರೆ ಹತ್ತಿರ ಬನ್ನಿ, ಮೂರು ಊದಿದರೆ ತೊಂದರೆ.

ಗಾರ್ಡ್ ಕೆಲಸಕ್ಕೆ ನಾನು ಒಂದು ಮೋಸ ಮಾಡುತ್ತೇನೆ. ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ನಡೆಯುವ ಹುಡುಗನ ಚೀಟಿ ಮೊದಲ ದಿನ ಅಲ್ಲಿಗೇ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಓಡುವ ಕಾಲಿನವನು ದಿನವಿಡೀ ಎಲ್ಲರಿಗಿಂತ ನಿಧಾನದವರ ಹಿಂದೆ ನಡೆಯಬೇಕು. ಬೈದುಕೊಳ್ಳುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅವರ ಚೀಲ ಹೊತ್ತಿರುತ್ತಾನೆ.

ಬೆಟ್ಟದ ದಿನ: ಬಾಯಿ ಮುಚ್ಚಿಕೊಳ್ಳುವ ವಿದ್ಯೆ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಮಕ್ಕಳಿಗಲ್ಲ, ನಮಗೆ.

ಹೊರಡುವ ಮೊದಲೇ ಯಾವ ನಿರ್ಧಾರ ಯಾರದು ಅಂತ ಎಲ್ಲರ ಮುಂದೆ ಹೇಳಿಬಿಡಿ. ನಾನು ನನ್ನ ಕೈಯಲ್ಲಿ ಇಟ್ಟುಕೊಳ್ಳುವುದು ನಾಲ್ಕೇ. ಒಂದು, ನೀರಿಗೆ ಇಳಿಯುವುದು. ಎರಡು, ಎಷ್ಟು ಗಂಟೆಗೆ ಎಲ್ಲೇ ಇದ್ದರೂ ವಾಪಸ್ ತಿರುಗಬೇಕು ಅನ್ನುವುದು. ಮೂರು, ಸಿಡಿಲು, ಕಾಡುಪ್ರಾಣಿ, ಜೇನು. ನಾಲ್ಕು, ಪೆಟ್ಟು ಮತ್ತು ಕಾಯಿಲೆ. ಉಳಿದದ್ದೆಲ್ಲ ಅವರದು: ಎಲ್ಲಿ ಕೂರಬೇಕು, ಯಾವಾಗ ಉಣ್ಣಬೇಕು, ಕವಲಿನಲ್ಲಿ ಎಡವೋ ಬಲವೋ, ಜಗಳವಾದರೆ ಹೇಗೆ ಬಿಡಿಸಬೇಕು. ನೀವು ಗಾರ್ಡಿನ ಬೆನ್ನಿಗೆ ನಡೆಯಿರಿ, ಇನ್ನೊಬ್ಬ ದೊಡ್ಡವರು ನಡುವೆ. ದಾರಿ ಬಲ್ಲ ಊರಿನವರಿಗೂ ಮೊದಲೇ ಹೇಳಿ: "ಅವರು ಕೇಳಿದರೆ ಹೇಳಿ ಅಣ್ಣ, ಅಲ್ಲಿವರೆಗೆ ಸುಮ್ಮನಿರಿ." ಅವರಿಗೆ ಇದು ವಿಚಿತ್ರ ಅನಿಸುತ್ತದೆ. ಒಂದು ಗಂಟೆ ಕಳೆದ ಮೇಲೆ ಮಜಾ ಅನಿಸುತ್ತದೆ.

ಒಂದು ಸಲ ಕೊಡಚಾದ್ರಿಯ ಬುಡದಲ್ಲಿ ದಾರಿ ನೋಡುವ ಇಬ್ಬರು ದನದ ಜಾಡನ್ನು ಚಾರಣದ ದಾರಿ ಅಂದುಕೊಂಡು ಹೊರಟರು. ನನಗೂ ಗೊತ್ತಾಯಿತು, ಊರಿನ ಅಣ್ಣನಿಗೂ ಗೊತ್ತಾಯಿತು. ಅವರು ನನ್ನ ಮುಖ ನೋಡಿದರು. ಗಡಿಯಾರ ನೋಡಿಕೊಂಡೆ. ನನ್ನದೊಂದು ನಿಯಮವಿದೆ: ತಪ್ಪು ದಾರಿಯಲ್ಲಿ ಅಪಾಯವಿಲ್ಲದಿದ್ದರೆ ಹದಿನೈದು ನಿಮಿಷ ಬಾಯಿ ಬಿಡುವುದಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ ಹಿಂದಿದ್ದ ಎಂಟನೇ ಕ್ಲಾಸಿನ ಹುಡುಗಿ ನಿಂತಳು. ಕ್ಲಾಸಿನಲ್ಲಿ ಅಟೆಂಡೆನ್ಸಿಗೆ ಬಿಟ್ಟರೆ ಬಾಯಿ ತೆರೆಯದವಳು. "ಇದು ದನ ಹೋಗೋ ದಾರಿ, ಜನ ಹೋಗೋದಲ್ಲ. ಇಲ್ಲಿ ಒಂದೂ ಚಾಕಲೇಟ್ ಕವರ್ ಬಿದ್ದಿಲ್ಲ" ಅಂದಳು. ಮುಂದಿನವರು ಒಪ್ಪಲಿಲ್ಲ. ವಾದ ನಡೆಯಿತು. ಅವಳ ಮನೆಯಲ್ಲಿ ಎಮ್ಮೆ ಇವೆ, ಗೊರಸಿನ ಗುರುತು ತೋರಿಸಿದಳು. ಎಲ್ಲರೂ ತಿರುಗಿದರು. ನಾನು ಮೊದಲೇ ಬಾಯಿ ಹಾಕಿದ್ದರೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು, ಆ ಹುಡುಗಿ ಕಾಣುತ್ತಿರಲಿಲ್ಲ.

ಮಕ್ಕಳು ನಿಮ್ಮನ್ನು ಕೇಳುತ್ತಲೇ ಇರುತ್ತಾರೆ. "ಸಾರ್, ಇಲ್ಲಿ ಕೂರೋಣ್ವಾ?" ಉತ್ತರ ಒಂದೇ: "ನಾಯಕಿಯನ್ನ ಕೇಳಿ." ನಾಯಕಿಯೇ ಬಂದು ಕೇಳಿದರೆ: "ನಿನಗೇನನಿಸುತ್ತೆ?" ಮೊದಲ ಎರಡು ಗಂಟೆ ಸಿಟ್ಟು ಮಾಡಿಕೊಳ್ಳುತ್ತಾರೆ. ಆಮೇಲೆ ನಿಮ್ಮನ್ನು ಕೇಳುವುದನ್ನೇ ಬಿಡುತ್ತಾರೆ. ಅದು ಒಳ್ಳೆಯ ಲಕ್ಷಣ, ಮನಸ್ಸಿಗೆ ಸ್ವಲ್ಪ ಚುರುಕ್ ಅಂದರೂ.

ಹೆದರುವ ಮಗುವನ್ನು ನೂಕಬೇಡಿ. ಬಂಡೆ ಹತ್ತಲ್ಲ ಅಂದರೆ ಹತ್ತುವುದು ಬೇಡ. "ಏ ಹೆದರುಪುಕ್ಲ" ಅನ್ನುವ ಮಾತು ತಂಡದಲ್ಲಿ ಬಂದರೆ ಮಾತ್ರ ನಾನು ನಾಯಕನನ್ನು ಪಕ್ಕಕ್ಕೆ ಕರೆಯುತ್ತೇನೆ. ಒಲ್ಲೆ ಅನ್ನುವುದಕ್ಕೂ ಧೈರ್ಯ ಬೇಕು, ಅಲ್ವಾ?

ಫೋನುಗಳು ಬುಡದಲ್ಲೇ ಉಳಿಯಲಿ. ದೊಡ್ಡವರ ಬಳಿ ಎರಡು ಫೋನು, ಒಂದು ಪವರ್ ಬ್ಯಾಂಕು ಸಾಕು. ಮೇಲೆ ಹೋದರೆ ಹೇಗೂ ಸಿಗ್ನಲ್ ಇರುವುದಿಲ್ಲ.

ನಿಮ್ಮ ಕೈಯಲ್ಲೇ ಇರಬೇಕಾದ ನಾಲ್ಕು

ಇಲ್ಲಿ ಮಕ್ಕಳ ಮತಕ್ಕೆ ಬೆಲೆ ಇಲ್ಲ, ನಾಯಕನ ಮತಕ್ಕೂ ಇಲ್ಲ.

ನೀರು. ನನ್ನ ನಿಯಮ ಸರಳ: ಯಾರೂ ನೀರಿಗೆ ಇಳಿಯುವುದಿಲ್ಲ. ಜಲಪಾತದ ಬುಡಕ್ಕೂ ಇಲ್ಲ, ಕಡಲಿಗೂ ಇಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಬಂಡೆಗಳ ಮೇಲೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ಮುಳುಗಿದರು. ಮಕ್ಕಳು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ತಿರುಗುವ ಹೊತ್ತು. ನಾನು ಸಾಮಾನ್ಯವಾಗಿ ಮಧ್ಯಾಹ್ನ ಒಂದು ಗಂಟೆ ಇಡುತ್ತೇನೆ. ತುದಿ ಇನ್ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ಒಂದಕ್ಕೆ ತಿರುಗಬೇಕು. ಒಂದು ವರ್ಷ ಹಾಗೆಯೇ ತಿರುಗಿದೆವು, ಇಬ್ಬರು ಅತ್ತರು. ಸಂಜೆ ಊರು ಮುಟ್ಟುವಾಗ ಕತ್ತಲಾಗಿತ್ತು. ಅತ್ತವರೇ ಲೆಕ್ಕ ಹಾಕಿ "ತುದಿಗೆ ಹೋಗಿದ್ರೆ ಕಾಡಲ್ಲೇ ಕತ್ತಲಾಗ್ತಿತ್ತು" ಅಂದರು.

ಸಿಡಿಲು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ಬೋಳು ಶಿಖರದಿಂದಲೂ ಒಂಟಿ ಮರದಿಂದಲೂ ದೂರ ಸರಿದು ಕೆಳಗಿಳಿಯಿರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಮತ್ತೆ ಮೇಲೆ ಹೋಗಬೇಡಿ. ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಸದ್ದಿಲ್ಲದೆ ಬಳಸಿ ಹೋಗಿ. ಸೆಂಟು ಹಾಕಿಕೊಂಡು ಬರಬಾರದು ಅಂತ ಹೇಳುವುದು ಇದಕ್ಕೇ. ಆನೆ ಲದ್ದಿ ಹಸಿಯಾಗಿ ಕಂಡರೆ ಊರಿನ ಅಣ್ಣ ಹೇಳಿದ್ದೇ ಕೊನೆಯ ಮಾತು.

ಪೆಟ್ಟು, ಕಚ್ಚುವಿಕೆ. ಇಂಬಳಕ್ಕೆ ಹೆದರಬೇಡಿ, ಉಪ್ಪು ಸವರಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ. ಉಣುಗನ್ನು ಹಿಸುಕಬೇಡಿ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ಸೀದಾ ಎಳೆಯಿರಿ. ಸಂಜೆ ಸ್ನಾನದ ಹೊತ್ತಿಗೆ ಎಲ್ಲರೂ ಮೈ ನೋಡಿಕೊಳ್ಳಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲ್ಲಾಡದಂತೆ ಇಟ್ಟು, ಮಗುವನ್ನು ನಡೆಸದೆ ಹೊತ್ತು ತಂದು, 108ಕ್ಕೆ ಫೋನ್ ಮಾಡಿ. ಹಾವಿನ ವಿಷಕ್ಕೆ ಔಷಧಿ ಇರುವ ಆಸ್ಪತ್ರೆ ಯಾವುದು ಅಂತ ಹೊರಡುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಂಡಿರಬೇಕು. ವಾಂತಿ ಭೇದಿಗೆ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಮುಗಿದುಹೋದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಪಾಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ.

ಇವನ್ನೆಲ್ಲ ಓದಿದರೆ ಸಾಲದು. ನೀವೇ ಮೊದಲು ತರಬೇತಿ ಪಡೆಯಿರಿ. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್, ಯೂತ್ ಹಾಸ್ಟೆಲ್ಸ್ ಸಂಸ್ಥೆಯವರನ್ನು ವಿಚಾರಿಸಬಹುದು. ಪ್ರಥಮ ಚಿಕಿತ್ಸೆ ಕಲಿಯದೆ ಯಾರೂ ಬೇರೆಯವರ ಮಕ್ಕಳನ್ನು ಬೆಟ್ಟಕ್ಕೆ ಒಯ್ಯಬಾರದು ಅನ್ನುವುದು ನನ್ನ ಕಡ್ಡಾಯ ಅಭಿಪ್ರಾಯ.

ಒಬ್ಬರೇ ಕೂರುವ ಇಪ್ಪತ್ತು ನಿಮಿಷ

ಔಟ್‌ವರ್ಡ್ ಬೌಂಡ್‌ನವರು ದೊಡ್ಡ ಮಕ್ಕಳನ್ನು ಒಂದು ದಿನಕ್ಕೂ ಹೆಚ್ಚು ಒಂಟಿಯಾಗಿ ಬಿಡುವುದುಂಟು. ನಮಗೆ ಇಪ್ಪತ್ತು ನಿಮಿಷ ಸಾಕು. ಹುಲ್ಲುಗಾವಲಿನಂಥ ಬಯಲಿನಲ್ಲಿ, ಎಲ್ಲರೂ ನಿಮ್ಮ ಕಣ್ಣಿಗೆ ಬೀಳುವಂತೆ, ಮೂವತ್ತು ಹೆಜ್ಜೆಗೊಬ್ಬರನ್ನು ಕೂರಿಸಿ. ಮಾತಿಲ್ಲ, ಪುಸ್ತಕವಿಲ್ಲ. ಮೊದಲ ಐದು ನಿಮಿಷ ಕಿಸಿಕಿಸಿ ನಗು. ಆಮೇಲೆ ಗಾಳಿಯ ಸದ್ದೊಂದೇ. ಏನನಿಸಿತು ಅಂತ ಕೇಳಬೇಡಿ, ಹೇಳುವವರು ಅವರಾಗಿ ಹೇಳುತ್ತಾರೆ.

ಸಂಜೆಯ ಸುತ್ತು

ಊಟವಾದ ಮೇಲೆ ಎಲ್ಲರೂ ಸುತ್ತ ಕೂರಿ. ಮೂರು ಪ್ರಶ್ನೆ: ಏನಾಯ್ತು? ಯಾಕಾಯ್ತು? ಇನ್ನೊಂದು ಸಲ ಆದ್ರೆ ಏನು ಮಾಡ್ತೀವಿ? ಮೊದಲು ಆ ದಿನದ ನಾಯಕ ಮಾತಾಡಬೇಕು. ತನ್ನ ತಪ್ಪನ್ನು ತಾನೇ ಮೊದಲು ಹೇಳಿಕೊಂಡರೆ ಬೇರೆಯವರು ಕಲ್ಲು ಬೀರುವುದಿಲ್ಲ. ಆಮೇಲೆ ಸುತ್ತಿನಲ್ಲಿ ಒಬ್ಬೊಬ್ಬರು. ಕೈಯಲ್ಲಿ ಟಾರ್ಚು ಇದ್ದವರಿಗೆ ಮಾತ್ರ ಮಾತು. "ನೀನು ಸೋಮಾರಿ" ಅನ್ನುವಂತಿಲ್ಲ, "ಪಾತ್ರೆ ತೊಳೆಯೋವಾಗ ನೀನು ಬರಲಿಲ್ಲ" ಅನ್ನಬಹುದು. ಕಡೆಗೆ ನೀವು, ಎರಡೇ ಮಾತು.

ಬೆಟ್ಟ ಕಲಿಸಿದ್ದನ್ನು ಹೀಗೆ ಬಾಯಿಬಿಟ್ಟು ಮಾತಾಡಬೇಕೋ, ಸುಮ್ಮನೆ ಬಿಡಬೇಕೋ ಅನ್ನುವುದು ಈ ಕೆಲಸದವರಲ್ಲಿ ಹಳೆಯ ಜಗಳ. ನಾನು ನಡುವಿನವನು. ಇಪ್ಪತ್ತೈದು ನಿಮಿಷ ಮೀರಿದರೆ ಅದು ಪಾಠವಾಗುತ್ತದೆ, ಮಕ್ಕಳು ತೂಕಡಿಸುತ್ತಾರೆ. ಅದರಲ್ಲೂ "ಜೀವನವೂ ಒಂದು ಬೆಟ್ಟ ಇದ್ದ ಹಾಗೆ" ಅಂತ ಶುರು ಮಾಡುವ ಅತಿಥಿಗಳನ್ನು ದಯವಿಟ್ಟು ಕರೆಯಬೇಡಿ.

ಇಳಿದು ಬಂದ ಮೇಲೆ

ಒಂದು ಚಾರಣದಿಂದ ಯಾರೂ ನಾಯಕರಾಗುವುದಿಲ್ಲ. ಹದಿನೈದು ದಿನದಲ್ಲಿ ಎಲ್ಲ ಮೊದಲಿನಂತೆ. ಹಾಗಾಗದಿರಲು ನಾನು ಎರಡು ಕೆಲಸ ಮಾಡುತ್ತೇನೆ. ಬಂದ ವಾರದೊಳಗೆ ಪ್ರತಿ ಮಗುವಿನ ಜೊತೆ ಹತ್ತು ನಿಮಿಷ, ಶಾಲೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು, ಮಾತಾಡುತ್ತೇನೆ. ನಾನು ಕಂಡ ಒಂದೇ ಒಂದು ಸಂಗತಿ ಹೇಳುತ್ತೇನೆ. "ನೀನು ಒಳ್ಳೆ ಹುಡುಗ" ಅಂತಲ್ಲ. "ಎರಡನೇ ಏರಿನಲ್ಲಿ ನೀನು ನಿನ್ನ ನೀರು ಕೊಟ್ಟೆ, ಯಾರಿಗೂ ಹೇಳಲಿಲ್ಲ, ನಾನು ನೋಡಿದೆ" ಅಂತ. ನೋಡಿದ್ದಾರೆ ಅಂತ ಗೊತ್ತಾದಾಗ ಆ ಮುಖ ಹೇಗಾಗುತ್ತದೆ ಅನ್ನುವುದನ್ನು ನೀವೇ ನೋಡಬೇಕು.

ಎರಡನೆಯದು, ಮುಂದಿನ ವರ್ಷದ ತಂಡಕ್ಕೆ ಹಳಬರನ್ನು ಹಚ್ಚುವುದು. ಒಬ್ಬ ಹಳಬರಿಗೆ ಇಬ್ಬರು ಹೊಸಬರು. ಆಲೂಗೆಡ್ಡೆ ಪಾಠ ಅವರೇ ಮಾಡುತ್ತಾರೆ, ಚೀಲ ಅವರೇ ತೂಗುತ್ತಾರೆ, ಪಟ್ಟಿ ಅವರೇ ನೋಡುತ್ತಾರೆ. ಎರಡು ವರ್ಷ ಬಂದವರು ಮೂರನೇ ವರ್ಷ ಇಡೀ ಚಾರಣದ ಯೋಜನೆ ಹಾಕಬಹುದು. ಅನುಮತಿಯ ಸಹಿ, ಬಸ್ಸಿನ ದುಡ್ಡು, ಆ ನಾಲ್ಕು ನಿರ್ಧಾರಗಳು ನಿಮ್ಮವು. ಬಾಕಿ ಅವರದು.

ದನದ ಜಾಡು ಗುರುತಿಸಿದ ಆ ಹುಡುಗಿ ಹತ್ತನೇ ಕ್ಲಾಸಿಗೆ ಬಂದಾಗ ಕುದುರೆಮುಖದ ಯೋಜನೆ ಅವಳದೇ. ಮೂರು ಹಾಳೆ ತುಂಬ ಬರೆದು ಸ್ಟಾಫ್ ರೂಮಿಗೆ ತಂದಳು. ಹೊತ್ತಿನ ಲೆಕ್ಕ, ಆಸ್ಪತ್ರೆಯ ನಂಬರು, ಯಾರಿಗೆ ಯಾವ ಕೆಲಸ, ಎಲ್ಲ ಇತ್ತು. ಚೀಟಿ ಎತ್ತುವಾಗ ನನ್ನ ಹೆಸರನ್ನೂ ಡಬ್ಬಿಗೆ ಹಾಕಿದ್ದಳಂತೆ. ನನಗೆ ಬಂದದ್ದು ಈರುಳ್ಳಿ ಹೆಚ್ಚುವುದು, ಎರಡೂ ಹೊತ್ತು.